ಬೇರಿನ ತುದಿಗೆ ಯಾವ ಸಿಮೆಂಟು?

ಕೃಷ್ಣೆಯ ದಂಡೆಯ ಸತ್ತಿಯಲ್ಲಾಗಲಿ, ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ ಕಡೆಯ ಯಾವುದೇ ಊರಿನಲ್ಲಾಗಲಿ, ರೂಟ್ ಕೆನಾಲ್ ಮಾಡಿಸಿದ ಹಲ್ಲು ಕೆಲವು ವರ್ಷಗಳ ಮೇಲೆ ಮತ್ತೆ ಬಾತುಕೊಂಡರೆ ಮನೆಯವರ ಬಾಯಲ್ಲಿ ಬರುವ ಮಾತು ಒಂದೇ: ‘ಕಿತ್ತ ಒಗಸ್ರಿ, ಇನ್ನೆಷ್ಟ ಖರ್ಚ ಮಾಡೂದು.’ ಆ ಬೇಸರ ಸಹಜ. ದುಡ್ಡು ಕೊಟ್ಟು, ಕಬ್ಬಿನ ಹಂಗಾಮಿನ ನಡುವೆ ಬಿಡುವು ಮಾಡಿಕೊಂಡು, ಅಥಣಿಗೋ ಮಿರಜಕ್ಕೋ ಮತ್ತೆ ಮತ್ತೆ ಓಡಾಡಿ ಉಳಿಸಿಕೊಂಡ ಹಲ್ಲು ಅದು. ಆದರೆ ಅಂಥ ಹಲ್ಲಿಗೂ ಇನ್ನೊಂದು ದಾರಿಯಿದೆ. ವಸಡನ್ನು ಬಿಡಿಸಿ, ದವಡೆಯ ಎಲುಬಿನಲ್ಲಿ ಸಣ್ಣ ಕಿಂಡಿ ಮಾಡಿ, ಬೇರಿನ ಕೆಟ್ಟ ತುದಿಯನ್ನು ಕತ್ತರಿಸಿ, ಉಳಿದ ಬೇರಿನ ಬಾಯನ್ನು ತುದಿಯ ಕಡೆಯಿಂದಲೇ ಮುಚ್ಚುವ ಶಸ್ತ್ರಚಿಕಿತ್ಸೆ ಅದು. ದಂತವೈದ್ಯರು ಇದನ್ನು ಎಪಿಸೆಕ್ಟಮಿ ಎನ್ನುತ್ತಾರೆ.

ಆ ಬಾಯನ್ನು ಯಾವುದರಿಂದ ಮುಚ್ಚಬೇಕು ಎಂಬ ಪ್ರಶ್ನೆಗೆ ನೂರು ವರ್ಷಕ್ಕೂ ಹೆಚ್ಚಿನ ಇತಿಹಾಸವಿದೆ. ಪಾದರಸ ಬೆರೆತ ಬೆಳ್ಳಿ, ಲವಂಗದೆಣ್ಣೆಯ ಸಿಮೆಂಟು, ಗಾಜಿನ ಪುಡಿಯ ಸಿಮೆಂಟು, ಪ್ಲಾಸ್ಟಿಕ್ ಜಾತಿಯ ರಾಳ, ಕೊನೆಗೆ ಮನೆ ಕಟ್ಟುವ ಸಿಮೆಂಟಿನ ಸಂಬಂಧಿಯಾದ ಎಂಟಿಎ, ಹೀಗೆ ಒಂದರ ಹಿಂದೆ ಒಂದು ಬಂದವು. ಪ್ರತಿಯೊಂದೂ ಬಂದಾಗ ಹಿಂದಿನದು ಕೆಲಸಕ್ಕೆ ಬಾರದು ಎನ್ನುವ ಮಾತು ಜೊತೆಗೇ ಬಂತು. ಅದು ಎಷ್ಟು ನಿಜ, ಯಾವ ವ್ಯತ್ಯಾಸ ದೊಡ್ಡದು, ಯಾವುದು ಬರೀ ಹೆಸರಿನದು ಎಂಬುದನ್ನು ತೂಗಿ ನೋಡುವುದು ಈ ಲೇಖನದ ಉದ್ದೇಶ. ದೊಡ್ಡ ಆಸ್ಪತ್ರೆಯಿಂದ ದೂರವಿರುವ ನಮ್ಮಂಥ ಭಾಗಕ್ಕೆ ಈ ಲೆಕ್ಕ ತೀರ ಮುಖ್ಯ. ‘ಹೊಸ ಔಷಧ ಇಲ್ಲಿಲ್ಲ’ ಎಂಬ ಒಂದೇ ಕಾರಣಕ್ಕೆ ಉಳಿಯಬಹುದಾದ ಹಲ್ಲು ಹೋಗಬಾರದು.

ತುದಿಯಲ್ಲಿ ನಡೆಯುವುದೇನು

ಹಲ್ಲಿನ ಬೇರಿನೊಳಗೆ ನರ ಮತ್ತು ರಕ್ತನಾಳಗಳು ಹಾದುಹೋಗುವ ಸಣ್ಣ ನಾಳವಿದೆ. ಹುಳುಕು ಆಳಕ್ಕಿಳಿದಾಗ, ಇಲ್ಲವೆ ಕಬಡ್ಡಿಯಲ್ಲೋ ಕುಸ್ತಿಯಲ್ಲೋ ಬೈಕಿನಿಂದ ಬಿದ್ದೋ ಮುಂದಿನ ಹಲ್ಲಿಗೆ ಪೆಟ್ಟಾದಾಗ ಆ ನರ ಸಾಯುತ್ತದೆ. ಪೆಟ್ಟಿನ ನೋವು ವಾರದಲ್ಲಿ ಮರೆತುಹೋಗುತ್ತದೆ. ಹಲ್ಲು ಕಪ್ಪಾಗಿ ಬೇರಿನ ತುದಿಯಲ್ಲಿ ಕೀವು ಕಟ್ಟುವುದು ವರ್ಷಗಳ ನಂತರ. ರೂಟ್ ಕೆನಾಲ್ ಚಿಕಿತ್ಸೆಯಲ್ಲಿ ನಾಳವನ್ನು ಮೇಲಿನಿಂದ ತೊಳೆದು ತುಂಬುತ್ತಾರೆ. ಬಹುಪಾಲು ಹಲ್ಲುಗಳಿಗೆ ಅಷ್ಟೇ ಸಾಕು. ಆದರೆ ತುದಿಯ ಹತ್ತಿರ ನಾಳ ಒಂದೇ ಆಗಿರುವುದಿಲ್ಲ, ನದಿ ಸಮುದ್ರ ಸೇರುವಲ್ಲಿ ಕವಲೊಡೆದಂತೆ ಹಲವು ಎಳೆಗಳಾಗಿ ಹರಡಿರುತ್ತದೆ. ಆ ಕವಲುಗಳಲ್ಲಿ ಉಳಿದ ಸೂಕ್ಷ್ಮಾಣುಗಳು ಎಲುಬಿನೊಳಗೆ ಸೋರುತ್ತಲೇ ಇದ್ದರೆ ಬಾವು ಮರಳುತ್ತದೆ.

ಮೊದಲು ಯೋಚಿಸಬೇಕಾದದ್ದು ಹಳೆಯ ರೂಟ್ ಕೆನಾಲನ್ನೇ ಬಿಚ್ಚಿ ಮತ್ತೆ ಸರಿಯಾಗಿ ಮಾಡುವುದನ್ನು. ಮೇಲೆ ಪೋಸ್ಟ್ ಮತ್ತು ಕ್ಯಾಪ್ ಗಟ್ಟಿಯಾಗಿ ಕೂತಿದ್ದರೆ, ನಾಳದಲ್ಲಿ ಫೈಲ್ ಎಂಬ ಸಣ್ಣ ಉಪಕರಣ ಮುರಿದು ಉಳಿದಿದ್ದರೆ, ಅಥವಾ ಎರಡನೇ ಸಲ ಮಾಡಿದ ಮೇಲೂ ಬಾವು ಆರದಿದ್ದರೆ ಶಸ್ತ್ರಚಿಕಿತ್ಸೆಯ ಸರದಿ. ಬೇರು ಉದ್ದಕ್ಕೆ ಸೀಳಿದ್ದರೆ ಮಾತ್ರ ಯಾವ ಸಿಮೆಂಟೂ ಅದನ್ನು ಉಳಿಸುವುದಿಲ್ಲ.

ಶಸ್ತ್ರಚಿಕಿತ್ಸೆ ನಡೆಯುವ ಜಾಗ ಎಷ್ಟು ಸಣ್ಣದೆಂದು ತಿಳಿದರೆ ಮುಂದಿನ ವಾದಗಳು ಅರ್ಥವಾಗುತ್ತವೆ. ಅಡ್ರಿನಲಿನ್ ಬೆರೆತ ಲಿಗ್ನೋಕೇನ್ ಇಂಜೆಕ್ಷನ್ ಕೊಟ್ಟು ಜಾಗವನ್ನು ಮರಗಟ್ಟಿಸುತ್ತಾರೆ; ಅದೇ ರಕ್ತವನ್ನೂ ತಡೆಯುತ್ತದೆ. ಎಲುಬಿನಲ್ಲಿ ಮಾಡುವ ಕಿಂಡಿ ಈಗಿನ ಪದ್ಧತಿಯಲ್ಲಿ 4–5 ಮಿಲಿಮೀಟರ್. ಬೇರಿನ ತುದಿಯಿಂದ 3 ಮಿಲಿಮೀಟರ್ ಕತ್ತರಿಸಿ ತೆಗೆಯುತ್ತಾರೆ. ಅಷ್ಟು ತೆಗೆದರೆ ತುದಿಯ ಕವಲುಗಳಲ್ಲಿ 98 ಪ್ರತಿಶತ, ಪಕ್ಕದ ನಾಳಗಳಲ್ಲಿ 93 ಪ್ರತಿಶತ ಹೋಗುತ್ತವೆ ಎಂದು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಿಂಗ್‌ಚುಕ್ ಕಿಮ್ ಅವರ ತಂಡ ತೋರಿಸಿತು. ಆಮೇಲೆ ಕತ್ತರಿಸಿದ ಮುಖಕ್ಕೆ ನೀಲಿ ಬಣ್ಣ ಸವರಿ ಬಿರುಕು, ಬಿಟ್ಟುಹೋದ ನಾಳ ಇವೆಯೇ ಎಂದು ನೋಡುತ್ತಾರೆ. ಅಲ್ಟ್ರಾಸೋನಿಕ್ ಯಂತ್ರದ ಬಾಗಿದ ಮೊನೆಯಿಂದ ನಾಳದ ಗುಂಟವೇ 3 ಮಿಲಿಮೀಟರ್ ಆಳದ ಗುಳಿ ತೋಡುತ್ತಾರೆ. ಆ ಗುಳಿಯನ್ನು ತುಂಬುವ ಪದಾರ್ಥದ ಬಗ್ಗೆಯೇ ಇಷ್ಟೆಲ್ಲ ಚರ್ಚೆ.

ಆ ಪದಾರ್ಥದಿಂದ ಬಯಸುವುದು ಬಹಳ. ಬೇರಿನ ಗೋಡೆಗೆ ಅಂಟಿ ಸಂದಿಲ್ಲದಂತೆ ಮುಚ್ಚಬೇಕು. ಕುಗ್ಗಬಾರದು, ಕರಗಬಾರದು. ರಕ್ತ ಮತ್ತು ತೇವ ಇದ್ದಲ್ಲೇ ಗಟ್ಟಿಯಾಗಬೇಕು. ಎಲುಬನ್ನೂ ಸುತ್ತಲಿನ ಅಂಗಾಂಶವನ್ನೂ ಕೆರಳಿಸಬಾರದು. ಸಾಧ್ಯವಾದರೆ ಅವು ಮತ್ತೆ ಬೆಳೆಯಲು ನೆರವಾಗಬೇಕು. ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣಬೇಕು. ಇಕ್ಕಟ್ಟಿನ ಜಾಗದಲ್ಲಿ ಕೈಗೆ ಒಗ್ಗಬೇಕು. ಇಷ್ಟೂ ಗುಣ ಒಂದರಲ್ಲೇ ಇರುವ ಪದಾರ್ಥ ಇನ್ನೂ ಸಿಕ್ಕಿಲ್ಲ.

ಬೆಳ್ಳಿಯ ಕಾಲ

ಬೇರಿನ ತುದಿ ಕತ್ತರಿಸುವ ಚಿಕಿತ್ಸೆಯ ಬಗ್ಗೆ ಅಮೆರಿಕದ ಜಾನ್ ಫರಾರ್ 1884ರಲ್ಲೇ ಬರೆದಿದ್ದರು. ಅಲ್ಲಿಂದ ಮುಂದೆ ನೂರು ವರ್ಷದ ಹತ್ತಿರ ಈ ಜಾಗಕ್ಕೆ ಹೆಚ್ಚಾಗಿ ಬಳಸಿದ್ದು ಅಮಾಲ್ಗಂ. ನಮ್ಮ ಕಡೆ ಜನ ‘ಚಾಂದಿ ತುಂಬಿಸುವುದು’ ಎನ್ನುವುದೂ ಇದನ್ನೇ. ಬೆಳ್ಳಿ, ತವರ, ತಾಮ್ರದ ಪುಡಿಯನ್ನು ಪಾದರಸದೊಂದಿಗೆ ಬೆರೆಸಿದ ಮಿಶ್ರಣ ಇದು. ಅಗ್ಗ, ಎಲ್ಲ ದವಾಖಾನೆಯಲ್ಲೂ ಸಿಗುತ್ತದೆ, ಕೈಗೆ ರೂಢಿ, ಎಕ್ಸ್‌ರೇಯಲ್ಲಿ ಎದ್ದು ಕಾಣುತ್ತದೆ. ಅಗಿಯುವ ದವಡೆ ಹಲ್ಲಿನಲ್ಲಿ ದಶಕಗಟ್ಟಲೆ ಬಾಳಿದ ಪದಾರ್ಥ ಬೇರಿನ ತುದಿಯಲ್ಲೂ ಬಾಳುತ್ತದೆಂದು ವೈದ್ಯರು ನಂಬಿದ್ದರಲ್ಲಿ ಆಶ್ಚರ್ಯವಿಲ್ಲ.

ಆದರೆ ಅಲ್ಲಿ ಅದು ಬಾಳಲಿಲ್ಲ. ತೇವದಲ್ಲಿ ಅಮಾಲ್ಗಂ ತುಕ್ಕು ಹಿಡಿಯುತ್ತದೆ, ಅದರ ಕಣಗಳು ವಸಡಿಗಿಳಿದು ನೀಲಿಗಪ್ಪು ಕಲೆಯಾಗಿ ಉಳಿಯುತ್ತವೆ. ಮುಂದಿನ ಹಲ್ಲಿನ ವಸಡಿನ ಮೇಲೆ ಹಚ್ಚೆ ಹಾಕಿಸಿಕೊಂಡಂಥ ಆ ಕಲೆ ತಾನಾಗಿ ಹೋಗುವುದಿಲ್ಲ. ಅದಕ್ಕಿಂತ ಮುಖ್ಯವಾದದ್ದು ಸೋರಿಕೆ. 1992ರಲ್ಲಿ ಫ್ರಾಂಕ್ ಮತ್ತು ಸಂಗಡಿಗರು ಒಮ್ಮೆ ಗುಣವಾಗಿದೆ ಎಂದು ಬರೆದುಕೊಂಡಿದ್ದ ಅಮಾಲ್ಗಂ ಹಲ್ಲುಗಳನ್ನು ಹತ್ತು ವರ್ಷಕ್ಕೂ ಹೆಚ್ಚು ಕಾಲದ ಮೇಲೆ ಮತ್ತೆ ಪರೀಕ್ಷಿಸಿದರು. ಗುಣವಾಗಿಯೇ ಉಳಿದಿದ್ದವು 57.7 ಪ್ರತಿಶತ ಮಾತ್ರ. ಮೊದಲ ವರ್ಷದ ಎಕ್ಸ್‌ರೇ ನೋಡಿ ಗೆದ್ದೆವೆಂದುಕೊಳ್ಳಬಾರದು ಎಂಬ ಪಾಠವನ್ನೂ ಆ ಅಧ್ಯಯನ ಕಲಿಸಿತು.

ಜೊತೆಗೆ ಪಾದರಸದ ಪ್ರಶ್ನೆ. ಬೇರಿನ ತುದಿಗೆ ಹೋಗುವ ಪಾದರಸ ಅತ್ಯಲ್ಪವಾದರೂ ಒಟ್ಟಾರೆ ದಂತಚಿಕಿತ್ಸೆಯಿಂದ ಪರಿಸರಕ್ಕೆ ಸೇರುವುದು ಅಲ್ಪವಲ್ಲ. 2013ರ ಮಿನಮಾತಾ ಒಪ್ಪಂದ ಅಮಾಲ್ಗಂ ಬಳಕೆ ತಗ್ಗಿಸಲು ಹೇಳಿತು. ಭಾರತ 2018ರ ಜೂನ್‌ನಲ್ಲಿ ಅದನ್ನು ಅನುಮೋದಿಸಿತು. ಯುರೋಪಿನ ಒಕ್ಕೂಟ 2025ರ ಜನವರಿಯಿಂದ ಅಮಾಲ್ಗಂಗೆ ಬಹುತೇಕ ಬಾಗಿಲು ಮುಚ್ಚಿದೆ. ಬೇರಿನ ತುದಿಯ ಮಟ್ಟಿಗಂತೂ ಅದರ ಕಾಲ ಅದಕ್ಕೂ ಮೊದಲೇ ಮುಗಿದಿತ್ತು. ಇಂದು ಯಾರಾದರೂ ಆ ಜಾಗಕ್ಕೆ ಅಮಾಲ್ಗಂ ತುಂಬಲು ಹೊರಟರೆ ಬೇಡವೆನ್ನಲು ಸಾಕಷ್ಟು ಕಾರಣಗಳಿವೆ.

ಲವಂಗದೆಣ್ಣೆಯ ಸಿಮೆಂಟುಗಳು

ಹಲ್ಲುನೋವಿಗೆ ಲವಂಗದೆಣ್ಣೆ ಹಚ್ಚುವುದು ನಮ್ಮ ಎಲ್ಲ ಮನೆಗಳಿಗೂ ಗೊತ್ತು. ಆ ಎಣ್ಣೆಯ ಮುಖ್ಯ ಅಂಶ ಯೂಜಿನಾಲ್. ಅದನ್ನು ಸತುವಿನ ಆಕ್ಸೈಡ್ ಪುಡಿಯೊಂದಿಗೆ ಕಲಸಿದರೆ ಗಟ್ಟಿಯಾಗುತ್ತದೆ. ದಂತವೈದ್ಯರ ಅತಿ ಹಳೆಯ ಸಿಮೆಂಟುಗಳಲ್ಲಿ ಇದೂ ಒಂದು. ಆದರೆ ಸಾದಾ ರೂಪದಲ್ಲಿ ಮೆತ್ತಗೆ, ತೇವದಲ್ಲಿ ನಿಧಾನ ಕರಗುತ್ತದೆ. ಅದನ್ನು ಬಲಪಡಿಸಿದ ಎರಡು ರೂಪಗಳು ಬೇರಿನ ತುದಿಗೆ ಬಂದವು. ಒಂದು ಐಆರ್‌ಎಂ, ಪುಡಿಗೆ ಅಕ್ರಿಲಿಕ್ ಸೇರಿಸಿದ್ದು. ಇನ್ನೊಂದು ಸೂಪರ್-ಇಬಿಎ, ಯೂಜಿನಾಲಿನ ಬಹುಭಾಗವನ್ನು ಎಥಾಕ್ಸಿಬೆಂಜೋಯಿಕ್ ಆಮ್ಲದಿಂದ ಬದಲಿಸಿ ಪುಡಿಗೆ ಅಲ್ಯುಮಿನಾ ಬೆರೆಸಿದ್ದು.

ಇವು ಅಮಾಲ್ಗಂನ ಸ್ಥಾನವನ್ನು ಅಲುಗಾಡಿಸಿದ್ದು 1990ರಲ್ಲಿ. ಡಾರ್ನ್ ಮತ್ತು ಗಾರ್ಟ್ನರ್ ಅಮೆರಿಕದಲ್ಲಿ ಆಗಲೇ ಮುಗಿದಿದ್ದ ಶಸ್ತ್ರಚಿಕಿತ್ಸೆಗಳ ದಾಖಲೆ ತೆಗೆದು ಮೂರನ್ನೂ ಹೋಲಿಸಿದರು. ಅಮಾಲ್ಗಂ ತುಂಬಿದ ಹಲ್ಲುಗಳಲ್ಲಿ 75 ಪ್ರತಿಶತ ಗುಣವಾಗಿದ್ದವು, ಐಆರ್‌ಎಂನಲ್ಲಿ 91, ಸೂಪರ್-ಇಬಿಎನಲ್ಲಿ 95. ಇದು ಹಿಂದಿರುಗಿ ನೋಡಿದ ಅಧ್ಯಯನ, ರೋಗಿಗಳನ್ನು ಚೀಟಿ ಎತ್ತಿದಂತೆ ಹಂಚಿರಲಿಲ್ಲ; ಹಾಗಾಗಿ ಅಂಕಿಗಳನ್ನು ಅಕ್ಷರಶಃ ಹಿಡಿಯಬಾರದು. ಆದರೆ ದಿಕ್ಕು ಸ್ಪಷ್ಟವಾಗಿತ್ತು.

ಈ ಸಿಮೆಂಟುಗಳ ದೊಡ್ಡ ಗುಣ ಬೇಗ ಗಟ್ಟಿಯಾಗುವುದು. ತುಂಬಿ, ನುಣುಪು ಮಾಡಿ, ತೊಳೆದು, ಹೊಲಿಗೆ ಹಾಕಬಹುದು. ದೋಷವೂ ಇದೆ. ಯೂಜಿನಾಲ್ ಹಸಿ ಅಂಗಾಂಶವನ್ನು ಮೊದಲಿಗೆ ಕೆರಳಿಸುತ್ತದೆ. ಬೇರಿನ ಹೊರಪದರವಾದ ಸಿಮೆಂಟಮ್ ಇವುಗಳ ಮೇಲೆ ಬೆಳೆಯುವುದಿಲ್ಲ. ಸೂಪರ್-ಇಬಿಎ ಕಲಸುವುದು ಕಷ್ಟ. ಕೈಗೂ ಉಪಕರಣಕ್ಕೂ ಅಂಟಿಕೊಂಡು ಸತಾಯಿಸುತ್ತದೆ, ಬಿಸಿ ಕೋಣೆಯಲ್ಲಿ ಇನ್ನೂ ಬೇಗ ಗಟ್ಟಿಯಾಗುತ್ತದೆ. ನಮ್ಮ ಕಡೆಯ ಏಪ್ರಿಲ್-ಮೇ ಸೆಕೆಯಲ್ಲಿ ಇದು ಸಣ್ಣ ತೊಂದರೆಯಲ್ಲ.

ಗಾಜು ಮತ್ತು ರಾಳ

ಲಂಡನ್ನಿನ ವಿಲ್ಸನ್ ಮತ್ತು ಕೆಂಟ್ 1972ರಲ್ಲಿ ಜಗತ್ತಿಗೆ ತಿಳಿಸಿದ ಗ್ಲಾಸ್ ಅಯಾನಮರ್ ಹಲ್ಲಿನ ಗೋಡೆಗೆ ರಾಸಾಯನಿಕವಾಗಿ ಅಂಟುತ್ತದೆ. ಇಂದು ಮಕ್ಕಳ ಹುಳುಕು ಹಲ್ಲಿಗೆ ತಾಲೂಕು ಆಸ್ಪತ್ರೆಯಲ್ಲೂ ಬಳಸುವ ಪದಾರ್ಥ. ಬೇರಿನ ತುದಿಯಲ್ಲಿ ಅದಕ್ಕೆ ಇರುವ ಶತ್ರು ತೇವ. ಗಟ್ಟಿಯಾಗುವ ಹೊತ್ತಿನಲ್ಲಿ ರಕ್ತ ತಗುಲಿದರೆ ಅಂಟು ಸಡಿಲವಾಗುತ್ತದೆ.

ಕಾಂಪೋಸಿಟ್ ರಾಳದ ದಾರಿ ಬೇರೆ. ಡೆನ್ಮಾರ್ಕಿನ ಯಾರ್ಗನ್ ರುಡ್ ಮತ್ತು ಸಂಗಡಿಗರು ರೆಟ್ರೋಪ್ಲಾಸ್ಟ್ ಎಂಬ ರಾಳದಿಂದ ಗುಳಿ ತುಂಬುವ ಬದಲು ಕತ್ತರಿಸಿದ ಇಡೀ ಮುಖಕ್ಕೇ ಮುಚ್ಚಳ ಹಾಕುವ ಪದ್ಧತಿ ತಂದರು. ಜಾಗ ಪೂರ್ತಿ ಒಣಗಿದ್ದರೆ ಫಲಿತಾಂಶ ಒಳ್ಳೆಯದು. ಆದರೆ ಎಲುಬಿನ ಕಿಂಡಿಯೊಳಗೆ ಒಂದು ಹನಿ ರಕ್ತವೂ ಬಾರದಂತೆ ಕೆಲವು ನಿಮಿಷ ಕಾಯುವುದು ಎಂಥ ಕೈಗೂ ಸವಾಲು. ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ಥಾಮಸ್ ಫಾನ್ ಆರ್ಕ್ಸ್ ಅವರ ತಂಡ ಐದು ವರ್ಷ ಹಿಂಬಾಲಿಸಿ 2014ರಲ್ಲಿ ವರದಿ ಮಾಡಿತು: ಎಂಟಿಎ ತುಂಬಿದವುಗಳಲ್ಲಿ 92.5 ಪ್ರತಿಶತ ಗುಣ, ರಾಳ ಹಾಕಿದವುಗಳಲ್ಲಿ 76.6. ಈ ಅಂತರ ದೊಡ್ಡದು, ಅದಕ್ಕೆ ಕಾರಣವೂ ಬಲ್ಲವರಿಗೆ ಹೊಸದಲ್ಲ: ತೇವ.

ಎಂಟಿಎ: ನೀರಿನಲ್ಲೇ ಗಟ್ಟಿಯಾಗುವ ಸಿಮೆಂಟು

ಎಲ್ಲ ಪದಾರ್ಥಗಳಿಗೂ ತೇವವೇ ಶತ್ರುವಾಗಿದ್ದಾಗ, ತೇವವನ್ನೇ ಬೇಡುವ ಪದಾರ್ಥವೊಂದು ಬಂದದ್ದು ಈ ಕ್ಷೇತ್ರದ ನಿಜವಾದ ತಿರುವು. ಕ್ಯಾಲಿಫೋರ್ನಿಯಾದ ಲೋಮಾ ಲಿಂಡಾ ವಿಶ್ವವಿದ್ಯಾಲಯದ ಮಹಮೂದ್ ತೋರಾಬಿನೆಜಾದ್ ಮತ್ತು ಸಂಗಡಿಗರು 1993ರಲ್ಲಿ ಮಿನರಲ್ ಟ್ರೈಆಕ್ಸೈಡ್ ಅಗ್ರಿಗೇಟ್ ಅನ್ನು ಜಗತ್ತಿಗೆ ಪರಿಚಯಿಸಿದರು. 1998ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಒಪ್ಪಿಗೆ ಸಿಕ್ಕಿತು. ಮರುವರ್ಷ ಪ್ರೋರೂಟ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು.

ಅದರ ಮೈಯಲ್ಲಿರುವುದು ಬಹುಪಾಲು ಪೋರ್ಟ್‌ಲ್ಯಾಂಡ್ ಸಿಮೆಂಟು, ಅಂದರೆ 1824ರಲ್ಲಿ ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಪೇಟೆಂಟ್ ಪಡೆದ ಸಿಮೆಂಟಿನ ವಂಶದ್ದೇ. ಮೊದಲ ಎಂಟಿಎಯಲ್ಲಿ ಅದು 75 ಪ್ರತಿಶತ, ಎಕ್ಸ್‌ರೇಯಲ್ಲಿ ಕಾಣಲೆಂದು ಬಿಸ್ಮತ್ ಆಕ್ಸೈಡ್ 20, ಜಿಪ್ಸಂ 5. ಬಾಗಲಕೋಟೆಯ ಸುಣ್ಣದ ಕಲ್ಲಿನಿಂದ ತಯಾರಾಗಿ ನಮ್ಮ ಮನೆಗಳಿಗೆ ಬರುವ ಸಿಮೆಂಟಿನಲ್ಲೂ ಇದೇ ಟ್ರೈಕ್ಯಾಲ್ಸಿಯಂ ಸಿಲಿಕೇಟ್ ಇದೆ. ಹಾಗೆಂದು ಚೀಲದ ಸಿಮೆಂಟನ್ನು ಬಾಯಿಗೆ ಹಾಕುವಂತಿಲ್ಲ. ಅದರಲ್ಲಿ ಆರ್ಸೆನಿಕ್, ಸೀಸದಂಥ ಲೋಹಗಳ ಅಂಶಕ್ಕೆ ವೈದ್ಯಕೀಯ ಮಿತಿ ಹಾಕಿರುವುದಿಲ್ಲ, ಕಣಗಳು ಒರಟು, ಎಕ್ಸ್‌ರೇಯಲ್ಲಿ ಸರಿಯಾಗಿ ಕಾಣುವುದಿಲ್ಲ. ಎಂಟಿಎಯನ್ನು ಶುದ್ಧೀಕರಿಸಿ, ನುಣ್ಣಗೆ ಅರೆದು, ಪರೀಕ್ಷಿಸಿ ಕೊಡುತ್ತಾರೆ.

ನೀರು ತಗುಲಿದಾಗ ಈ ಸಿಲಿಕೇಟ್ ಅಂಟಿನಂಥ ಜಾಲವಾಗಿ ಕಟ್ಟಿಕೊಳ್ಳುತ್ತದೆ, ಜೊತೆಗೆ ಸುಣ್ಣ ಬಿಡುಗಡೆಯಾಗುತ್ತದೆ. ಕಲಸಿದ ಕೂಡಲೇ ಅದರ ಕ್ಷಾರಮಟ್ಟ ಪಿಎಚ್ 10.2; ಮೂರು ಗಂಟೆಯಲ್ಲಿ 12.5ಕ್ಕೆ ಏರುತ್ತದೆ. ಅಂಥ ಕ್ಷಾರದಲ್ಲಿ ಹೆಚ್ಚಿನ ಸೂಕ್ಷ್ಮಾಣುಗಳು ಬದುಕುವುದಿಲ್ಲ. ಬಿಡುಗಡೆಯಾದ ಕ್ಯಾಲ್ಸಿಯಂ ದೇಹದ್ರವದ ಫಾಸ್ಫೇಟ್ ಜೊತೆ ಸೇರಿ ಮೇಲ್ಮೈಯಲ್ಲಿ ಎಲುಬಿನ ಖನಿಜದಂಥ ಅಪಟೈಟ್ ಪದರ ಕಟ್ಟುತ್ತದೆ. 1997ರಲ್ಲಿ ಪ್ರಕಟವಾದ ಮಂಗಗಳ ಮೇಲಿನ ಪ್ರಯೋಗ ಇದರ ಫಲವನ್ನು ತೋರಿಸಿತು. ಎಂಟಿಎ ತುಂಬಿದ ಆರು ಬೇರುಗಳಲ್ಲಿ ಐದರ ಸುತ್ತ ಉರಿಯೂತವಿರಲಿಲ್ಲ. ಐದರಲ್ಲಿ ಸಿಮೆಂಟಿನ ಮೇಲೆಯೇ ಹೊಸ ಸಿಮೆಂಟಮ್ ಬೆಳೆದಿತ್ತು. ಅಮಾಲ್ಗಂ ತುಂಬಿದ ಎಲ್ಲ ಬೇರುಗಳಲ್ಲೂ ಉರಿಯೂತವಿತ್ತು. ಪರಕೀಯ ಪದಾರ್ಥದ ಮೇಲೆ ದೇಹ ತನ್ನದೇ ಪದರ ಹೊದಿಸುವುದು ಅಮಾಲ್ಗಂನಲ್ಲಿ ಹೀಗೆ ಕಂಡಿರಲಿಲ್ಲ.

ಕೈಯಲ್ಲಿ ಹಿಡಿದಾಗ ಎಂಟಿಎ ಅಷ್ಟು ಸುಲಭದ್ದಲ್ಲ. ಮೂರು ಪಾಲು ಪುಡಿಗೆ ಒಂದು ಪಾಲು ಶುದ್ಧ ನೀರು ಬೆರೆಸಿದರೆ ಒದ್ದೆ ಮರಳಿನಂತಿರುತ್ತದೆ. ನೀರು ಹೆಚ್ಚಾದರೆ ಹರಿಯುತ್ತದೆ, ಕಡಿಮೆಯಾದರೆ ಉದುರುತ್ತದೆ. ಸಣ್ಣ ನಳಿಗೆಯಿಂದ ಗುಳಿಯ ಬಾಯಿಗಿಟ್ಟು, ಸಣ್ಣ ದಬ್ಬುಗೋಲಿನಿಂದ ಅದುಮಿ, ಒದ್ದೆ ಹತ್ತಿಯಿಂದ ಮೆಲ್ಲಗೆ ಒರೆಸಬೇಕು. ಮೊದಲ ಎಂಟಿಎ ಗಟ್ಟಿಯಾಗಲು ಎರಡೂ ಮುಕ್ಕಾಲು ಗಂಟೆ ಬೇಕಿತ್ತು. ಅದು ಗಟ್ಟಿಯಾಗುವ ಮೊದಲು ಜೋರಾಗಿ ನೀರು ಹಾಯಿಸಿ ತೊಳೆದರೆ ತುಂಬಿದ್ದು ಕೊಚ್ಚಿಹೋಗುತ್ತದೆ. ಹಾಗಾಗಿ ತೊಳೆಯುವುದೆಲ್ಲ ತುಂಬುವುದಕ್ಕೂ ಮುಂಚೆ ಮುಗಿದಿರಬೇಕು. ಬಿಸ್ಮತ್ತಿನಿಂದ ಹಲ್ಲು ಕಪ್ಪಾಗುವುದೂ ಉಂಟು, ಆದರೆ ಬೇರಿನ ತುದಿ ಎಲುಬಿನೊಳಗಿರುವುದರಿಂದ ಅಲ್ಲಿ ಆ ಚಿಂತೆ ಕಡಿಮೆ. ಪೊಟ್ಟಣ ಒಮ್ಮೆ ಒಡೆದರೆ ಗಾಳಿಯ ತೇವವನ್ನೇ ಹೀರಿಕೊಂಡು ಕೆಡುತ್ತದೆ. ಒಂದು ಹಲ್ಲಿಗೆ ಬೇಕಾಗುವುದು ಪೊಟ್ಟಣದ ಸಣ್ಣ ಪಾಲು. ಉಳಿದದ್ದನ್ನು ಮಳೆಗಾಲದಲ್ಲಿ ಕಾಪಾಡುವುದು ಸಣ್ಣ ದವಾಖಾನೆಗೆ ಖರ್ಚಿನ ವಿಷಯ.

ಹೊಸ ಪೀಳಿಗೆ

ಈ ಕೊರತೆಗಳನ್ನು ನೀಗಿಸಲೆಂದೇ ಮುಂದಿನ ಪದಾರ್ಥಗಳು ಬಂದವು. ಬ್ರೆಜಿಲ್‌ನ ಆಂಜೆಲಸ್ ಕಂಪನಿ ಜಿಪ್ಸಂ ತೆಗೆದು ಬೇಗ ಗಟ್ಟಿಯಾಗುವ ಎಂಟಿಎ ತಂದಿತು. ಫ್ರಾನ್ಸಿನ ಸೆಪ್ಟೋಡಾಂಟ್ ತಯಾರಿಸಿದ ಬಯೋಡೆಂಟಿನ್‌ನಲ್ಲಿ ಬಿಸ್ಮತ್ ಬದಲು ಜಿರ್ಕೋನಿಯಂ ಆಕ್ಸೈಡ್ ಇದೆ, ದ್ರವದಲ್ಲಿ ಗಟ್ಟಿಯಾಗುವುದನ್ನು ಚುರುಕುಗೊಳಿಸುವ ಕ್ಯಾಲ್ಸಿಯಂ ಕ್ಲೋರೈಡ್ ಇದೆ. ತಯಾರಕರ ಪ್ರಕಾರ ಹನ್ನೆರಡು ನಿಮಿಷದ ಹೊತ್ತಿಗೆ ಗಟ್ಟಿ. ಎಕ್ಸ್‌ರೇಯಲ್ಲಿ ಮಾತ್ರ ಎಂಟಿಎಯಷ್ಟು ಬೆಳ್ಳಗೆ ಕಾಣುವುದಿಲ್ಲ; ಸಣ್ಣ ಗುಳಿಯಲ್ಲಿ ತುಂಬಿದ್ದೆಲ್ಲಿ, ಬೇರೆಲ್ಲಿ ಎಂದು ಗುರುತಿಸುವುದು ಕಷ್ಟ. ಕೆನಡಾದಲ್ಲಿ ರೂಪುಗೊಂಡ ಬಯೋಸೆರಾಮಿಕ್ ಪುಟ್ಟಿಗಳು ಇನ್ನೊಂದು ಹೆಜ್ಜೆ. ಅವನ್ನು ಕಲಸಬೇಕಾಗಿಯೇ ಇಲ್ಲ. ಕಣಕದ ಹಾಗೆ ಬೆರಳಲ್ಲಿ ಉರುಳಿಸಿ ಗುಳಿಗೆ ಒತ್ತಿದರೆ ಸಾಕು, ಗಟ್ಟಿಯಾಗಲು ಬೇಕಾದ ನೀರನ್ನು ಅಂಗಾಂಶದಿಂದಲೇ ಪಡೆಯುತ್ತವೆ. ಬೆಲೆ ಹೆಚ್ಚು, ಕೆಲಸ ಹಗುರ.

ಹೋಲಿಸಿದಾಗ ಕಂಡದ್ದು

ಇನ್ನು ಮುಖ್ಯ ಪ್ರಶ್ನೆ: ರೋಗಿಯ ಬಾಯಿಯಲ್ಲಿ ಇವುಗಳ ನಡುವೆ ಅಂತರವೆಷ್ಟು?

ಲಂಡನ್ನಿನ ಚಾಂಗ್, ಪಿಟ್ ಫೋರ್ಡ್ ಮತ್ತು ಹಡ್ಸನ್ 2003ರಲ್ಲಿ ಎಂಟಿಎ ಮತ್ತು ಐಆರ್‌ಎಂ ಅನ್ನು ಎದುರುಬದುರು ನಿಲ್ಲಿಸಿದರು. ಎರಡು ವರ್ಷದ ಮೇಲೆ ಎಂಟಿಎ 92 ಪ್ರತಿಶತ, ಐಆರ್‌ಎಂ 87. ನೋಡಲು ಐದು ಅಂಕದ ಅಂತರ. ಆದರೆ ಪರೀಕ್ಷಿಸಿದ ಹಲ್ಲುಗಳ ಸಂಖ್ಯೆಗೆ ಆ ಅಂತರ ಆಕಸ್ಮಿಕವಾಗಿಯೂ ಬರಬಹುದಾದಷ್ಟೇ ಇತ್ತು. ಕೊರಿಯಾದ ಸಾಂಗ್ ಮತ್ತು ಕಿಮ್ 2012ರಲ್ಲಿ ಎಂಟಿಎಯನ್ನು ಸೂಪರ್-ಇಬಿಎ ಜೊತೆ ಹೋಲಿಸಿದಾಗ 95.6 ಮತ್ತು 93.1, ನಾಲ್ಕು ವರ್ಷದ ಮೇಲೆ 91.6 ಮತ್ತು 89.9. ಚೀನಾದಲ್ಲಿ 2017ರಲ್ಲಿ ಎಂಟಿಎ ಮತ್ತು ಹೊಸ ಪುಟ್ಟಿಯ ನಡುವಿನ ಹೋಲಿಕೆ 93.1ಕ್ಕೆ 94.4. ಈ ಮೂರರಲ್ಲಿ ಎಲ್ಲಿಯೂ ಒಂದು ಇನ್ನೊಂದನ್ನು ಖಚಿತವಾಗಿ ಸೋಲಿಸಿಲ್ಲ. ಜಗತ್ತಿನ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಮೀಕ್ಷೆ 2016ರಲ್ಲೂ, ಅದನ್ನು ಪರಿಷ್ಕರಿಸಿದ 2021ರಲ್ಲೂ ಹೇಳಿದ್ದು ಒಂದೇ ಮಾತು: ಇಂಥದ್ದೇ ಶ್ರೇಷ್ಠ ಎನ್ನಲು ಈಗಿರುವ ಸಾಕ್ಷ್ಯ ಸಾಲದು.

ಹಾಗಿದ್ದರೆ ಎಂಟಿಎ ಎಲ್ಲವನ್ನೂ ಮೀರಿಸಿತು ಎಂಬ ಭಾವನೆ ಎಲ್ಲಿಂದ ಬಂತು? ಬಹುಪಾಲು ಪ್ರಯೋಗಾಲಯದಿಂದ. ಕರ್ನಾಟಕದ ದಂತ ಕಾಲೇಜುಗಳ ಸ್ನಾತಕೋತ್ತರ ಪ್ರಬಂಧಗಳನ್ನು ಬಲ್ಲವರಿಗೆ ಈ ಬಗೆ ಚಿರಪರಿಚಿತ. ಕಿತ್ತ ಹಲ್ಲುಗಳನ್ನು ಕೂಡಿಹಾಕುವುದು, ಬೇರಿನ ತುದಿ ಕತ್ತರಿಸಿ ಗುಂಪು ಗುಂಪಾಗಿ ಬೇರೆ ಬೇರೆ ಪದಾರ್ಥ ತುಂಬುವುದು, ಉಳಿದ ಭಾಗಕ್ಕೆ ಉಗುರುಬಣ್ಣ ಬಳಿದು ಮೆಥಿಲೀನ್ ಬ್ಲೂ ದ್ರಾವಣದಲ್ಲಿ ಮುಳುಗಿಸುವುದು, ಆಮೇಲೆ ಸೀಳಿ ಬಣ್ಣ ಎಷ್ಟು ಮಿಲಿಮೀಟರ್ ಒಳನುಗ್ಗಿತೆಂದು ಸೂಕ್ಷ್ಮದರ್ಶಕದಲ್ಲಿ ಅಳೆಯುವುದು. ಶಿಸ್ತು ಕಲಿಸುವ ಕೆಲಸ, ಶ್ರಮದ ಕೆಲಸ. ಆದರೆ ಅದರಿಂದ ರೋಗಿಯ ಬಗ್ಗೆ ತಿಳಿಯುವುದು ಬಹಳ ಕಡಿಮೆ. ಸಂದಿನಲ್ಲಿ ಗಾಳಿ ಸಿಕ್ಕಿಕೊಂಡರೆ ಬಣ್ಣ ಒಳಗೆ ಹೋಗುವುದೇ ಇಲ್ಲ. ಅದಕ್ಕಿಂತ ದೊಡ್ಡ ದೋಷವನ್ನು ನೆದರ್ಲೆಂಡಿನ ವು ಮತ್ತು ಸಂಗಡಿಗರು 1998ರಲ್ಲಿ ಎತ್ತಿ ತೋರಿಸಿದರು: ಎಂಟಿಎ ತಾಗಿದರೆ ಮೆಥಿಲೀನ್ ಬ್ಲೂ ತನ್ನ ಬಣ್ಣವನ್ನೇ ಕಳೆದುಕೊಳ್ಳುತ್ತದೆ. ಅಂದರೆ ಸೋರಿದ್ದರೂ ಸೋರಿಲ್ಲವೆಂದು ಕಾಣಬಹುದು. ಈ ಕ್ಷೇತ್ರದ ಪ್ರಮುಖ ಪತ್ರಿಕೆ ಜರ್ನಲ್ ಆಫ್ ಎಂಡೋಡಾಂಟಿಕ್ಸ್ 2007ರಲ್ಲಿ ಇಂಥ ಸೋರಿಕೆಯ ಹೋಲಿಕೆಗಳನ್ನು ಇನ್ನು ಪ್ರಕಟಿಸುವುದಿಲ್ಲವೆಂದು ಸಂಪಾದಕೀಯದಲ್ಲೇ ಹೇಳಿತು. ಆ ತೀರ್ಮಾನ ನಮ್ಮ ಕಾಲೇಜುಗಳ ವಿಷಯಪಟ್ಟಿಗೆ ಇನ್ನೂ ಪೂರ್ತಿ ಇಳಿಯಬೇಕಾಗಿದೆ.

ಕೈ, ಕಣ್ಣು ಮತ್ತು ಪದಾರ್ಥ

ಪದಾರ್ಥಗಳ ಅಂತರ ಇಷ್ಟು ಕಡಿಮೆಯಾದರೆ, ಹಳೆಯ ಕಾಲಕ್ಕಿಂತ ಈಗಿನ ಫಲಿತಾಂಶ ಇಷ್ಟು ಮೇಲಾದದ್ದು ಹೇಗೆ? ಫ್ರಾಂಕ್ ಸೆಟ್ಜರ್ ಮತ್ತು ಸಂಗಡಿಗರು 2010ರಲ್ಲಿ ಹಳೆಯ ಹಾಗೂ ಹೊಸ ಪದ್ಧತಿಯ ಅಧ್ಯಯನಗಳನ್ನು ಒಟ್ಟುಗೂಡಿಸಿದರು. ಬರಿಗಣ್ಣಿನಿಂದ ನೋಡಿ, ಬೇರನ್ನು ಓರೆಯಾಗಿ ಕತ್ತರಿಸಿ, ಡ್ರಿಲ್ಲಿನಿಂದ ಗುಳಿ ತೋಡಿ, ಅಮಾಲ್ಗಂ ತುಂಬಿದ ಪದ್ಧತಿಯಲ್ಲಿ ಗೆಲುವು 59 ಪ್ರತಿಶತ. ಸೂಕ್ಷ್ಮದರ್ಶಕ, ಅಲ್ಟ್ರಾಸೋನಿಕ್ ಮೊನೆ, ನೇರ ಕತ್ತರಿಕೆ, ಐಆರ್‌ಎಂ ಅಥವಾ ಸೂಪರ್-ಇಬಿಎ ಅಥವಾ ಎಂಟಿಎ ಇರುವ ಪದ್ಧತಿಯಲ್ಲಿ 94. ಎಂಟಿಎಯನ್ನು ಐಆರ್‌ಎಂ, ಸೂಪರ್-ಇಬಿಎ, ಪುಟ್ಟಿಯ ಜೊತೆ ಇಟ್ಟ ಹೋಲಿಕೆಗಳಲ್ಲಿ ಕಂಡ ಒಂದೆರಡು, ನಾಲ್ಕೈದು ಅಂಕಗಳ ಮುಂದೆ ಈ 35 ಅಂಕಗಳನ್ನು ಇಟ್ಟು ನೋಡಿ. ಅಮಾಲ್ಗಂ ಬಿಟ್ಟದ್ದರಿಂದ ಇದರಲ್ಲಿ ಒಂದು ಪಾಲು ಬಂದಿರಬೇಕು. ಉಳಿದದ್ದು ಕಣ್ಣಿಗೆ ಕಾಣತೊಡಗಿದ್ದರಿಂದ, ಕೈ ನೇರವಾದದ್ದರಿಂದ. ಗ್ಯಾರಿ ಕಾರ್ 1990ರ ದಶಕದ ಆರಂಭದಲ್ಲಿ ತಂದ ಅಲ್ಟ್ರಾಸೋನಿಕ್ ಮೊನೆಗಳ ಪಾತ್ರ ಇದರಲ್ಲಿ ಯಾವ ಸಿಮೆಂಟಿಗೂ ಕಡಿಮೆಯಲ್ಲ.

ಸೆಟ್ಜರ್ ಅವರ ತಂಡ 2012ರಲ್ಲಿ ಇನ್ನೊಂದು ಪ್ರಶ್ನೆ ಕೇಳಿತು. ಉಪಕರಣ, ಪದಾರ್ಥ ಎಲ್ಲ ಹೊಸವೇ. ಸೂಕ್ಷ್ಮದರ್ಶಕದ ಬದಲು ಕನ್ನಡಕಕ್ಕೆ ಹಾಕುವ ಲೂಪ್ ಭೂತಗನ್ನಡಿ ಅಥವಾ ಬರಿಗಣ್ಣು ಇದ್ದರೆ? ಉತ್ತರ 88 ಪ್ರತಿಶತ, ಸೂಕ್ಷ್ಮದರ್ಶಕದ್ದು 94. ಈ ಅಂತರ ಖಚಿತವಾಗಿ ಕಂಡದ್ದು ದವಡೆ ಹಲ್ಲುಗಳಲ್ಲಿ. ಮುಂದಿನ ಹಲ್ಲು ಮತ್ತು ಅದರಾಚೆಯ ಸಣ್ಣ ದವಡೆ ಹಲ್ಲುಗಳಲ್ಲಿ ಗಣನೀಯ ಅಂತರ ಕಾಣಲಿಲ್ಲ.

ನಮ್ಮ ಭಾಗಕ್ಕೆ ಈ ಕೊನೆಯ ಅಂಶ ಬಹಳ ಬೆಲೆಯುಳ್ಳದ್ದು. ಪೆಟ್ಟಿನಿಂದ ಕೆಟ್ಟ ಮುಂದಿನ ಹಲ್ಲಿಗೆ, ಲೂಪ್ ಮತ್ತು ಅಲ್ಟ್ರಾಸೋನಿಕ್ ಇರುವ, ತರಬೇತಾದ ತಜ್ಞರ ದವಾಖಾನೆ ಸಾಕು. ಹಲವು ಬೇರಿನ ದವಡೆ ಹಲ್ಲಾದರೆ ಸೂಕ್ಷ್ಮದರ್ಶಕ ಇರುವ ಕಡೆ ಹೋಗುವುದು ಮೇಲು.

ಸತ್ತಿಯಿಂದ ನೋಡಿದಾಗ

ಬೆಳಗಾವಿಯ ಕೆಎಲ್‌ಇ ದಂತ ಮಹಾವಿದ್ಯಾಲಯ 1985ರಿಂದ, ಧಾರವಾಡದ ಎಸ್‌ಡಿಎಂ 1986ರಿಂದ ಇವೆ. ಬಾಗಲಕೋಟೆ, ವಿಜಯಪುರಗಳಲ್ಲೂ ದಂತ ಕಾಲೇಜುಗಳಿವೆ. ಆದರೆ ಅಥಣಿ ಸೀಮೆಯಿಂದ ಬೆಳಗಾವಿ ನೂರು ಕಿಲೋಮೀಟರಿಗೂ ಆಚೆ. ವಿಲಿಯಂ ವಾನ್ಲೆಸ್ ಅವರ ಮಿಷನ್ ಆಸ್ಪತ್ರೆ 1894ರಲ್ಲಿ ಶುರುವಾದ ಕಾಲದಿಂದ ಈ ಭಾಗದ ಜನ ಚಿಕಿತ್ಸೆಗೆ ಮಿರಜದ ದಾರಿ ಹಿಡಿದವರು, ಇಂದಿಗೂ ಗಡಿ ದಾಟುವುದು ಅವರಿಗೆ ಹತ್ತಿರದ ದಾರಿ. ಶಸ್ತ್ರಚಿಕಿತ್ಸೆಗೆ ಒಂದು ದಿನ, ಹೊಲಿಗೆ ಬಿಚ್ಚಲು ಇನ್ನೊಂದು ದಿನ; ಇಷ್ಟಕ್ಕೆ ಜನ ಹೋಗುತ್ತಾರೆ. ಹೋಗದೇ ಉಳಿಯುವುದು ಆರು ತಿಂಗಳು, ಒಂದು ವರ್ಷದ ಮೇಲಿನ ಎಕ್ಸ್‌ರೇಗೆ. ನೋವಿಲ್ಲ, ಬಾವಿಲ್ಲ, ಉಗಾರದ ಕಾರ್ಖಾನೆಗೆ ಕಬ್ಬು ಕಳಿಸುವ ಹೊತ್ತು, ‘ಆರಾಮ ಐತಲ್ರಿ’ ಎಂಬ ಸಮಾಧಾನ.

ಆ ಎಕ್ಸ್‌ರೇ ಇಲ್ಲದೆ ಯಾವ ಸಿಮೆಂಟು ಗೆದ್ದಿತೆಂದು ಯಾರಿಗೂ ತಿಳಿಯುವುದಿಲ್ಲ. ಎಲುಬು ಮತ್ತೆ ತುಂಬಿಕೊಳ್ಳಲು ತಿಂಗಳುಗಳು ಬೇಕು, ದೊಡ್ಡ ಗೂಡಾಗಿದ್ದರೆ ವರ್ಷಕ್ಕೂ ಹೆಚ್ಚು. ನೋವಿಲ್ಲದೆಯೂ ಬೇರಿನ ತುದಿಯಲ್ಲಿ ಕಪ್ಪು ನೆರಳು ದೊಡ್ಡದಾಗುತ್ತಿರಬಹುದು. ಅದನ್ನು ಎಕ್ಸ್‌ರೇ ಮಾತ್ರ ಹೇಳಬಲ್ಲದು. ತಂಬಾಕಿನ ಮಾತೂ ಇಲ್ಲಿ ಹೇಳಲೇಬೇಕು. ನಿಪ್ಪಾಣಿ ತಂಬಾಕಿನ ಪೇಟೆ. ಬೀಡಿ, ಗುಟ್ಕಾ, ಹಲ್ಲುಜ್ಜುವ ಮಿಶ್ರಿ ಈ ಇಡೀ ಭಾಗದಲ್ಲಿ ಮನೆಮನೆಯ ರೂಢಿ. ತಂಬಾಕು ಬಾಯಿಯ ಗಾಯ ಆರುವುದನ್ನು ನಿಧಾನಿಸುತ್ತದೆ, ವಸಡನ್ನು ಕೆಡಿಸುತ್ತದೆ. ದುಬಾರಿ ಸಿಮೆಂಟು ತುಂಬಿಸಿ ಮರುದಿನವೇ ಬೀಡಿ ಹಚ್ಚಿದರೆ ಹಾಳಾಗುವುದು ಹಲ್ಲು ಮತ್ತು ದುಡ್ಡು ಎರಡೂ. ಸಕ್ಕರೆ ಕಾಯಿಲೆ ಇದ್ದವರು ಅದನ್ನು ಹತೋಟಿಗೆ ತಂದುಕೊಂಡೇ ಈ ಶಸ್ತ್ರಚಿಕಿತ್ಸೆಗೆ ಕೂಡಬೇಕು. ಮೇಲಿನ ಕ್ಯಾಪ್ ಸಡಿಲವಾಗಿದ್ದರೆ ಮೊದಲು ಅದನ್ನು ಸರಿಮಾಡಿಸಬೇಕು. ಬಾಯಿಯ ಕಡೆಯಿಂದ ಸೋರುತ್ತಿದ್ದರೆ ತುದಿ ಮುಚ್ಚಿ ಪ್ರಯೋಜನವಿಲ್ಲ.

ತೀರ್ಮಾನ

ಇಷ್ಟೆಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದರೆ ನನ್ನ ಅಭಿಪ್ರಾಯ ಹೀಗಿದೆ. ಬೇರಿನ ತುದಿಗೆ ಅಮಾಲ್ಗಂ ಬೇಡ. ಸಾದಾ ಗ್ಲಾಸ್ ಅಯಾನಮರ್ ಮತ್ತು ರಾಳ, ಒಣ ಜಾಗವನ್ನು ಖಚಿತವಾಗಿ ಕಾಯಬಲ್ಲವರಿಗೆ ಮಾತ್ರ. ಸಿಗುವಂತಿದ್ದರೆ, ಕೈಗೆಟಕುವಂತಿದ್ದರೆ ಎಂಟಿಎ ಅಥವಾ ಅದರ ಪೀಳಿಗೆಯ ಸಿಲಿಕೇಟ್ ಸಿಮೆಂಟೇ ಮೊದಲ ಆಯ್ಕೆ. ತೇವದಲ್ಲಿ ಗಟ್ಟಿಯಾಗುವ, ದೇಹ ತನ್ನದೇ ಪದರ ಹೊದಿಸುವ ಗುಣ ಇದೆಯೆಂಬುದಕ್ಕೆ ಬಲವಾದ ಸಾಕ್ಷ್ಯವಿದೆ. ಅದು ಸಿಗದಲ್ಲಿ ಐಆರ್‌ಎಂ ಅಥವಾ ಸೂಪರ್-ಇಬಿಎ ಕೀಳಲ್ಲ. ಒಳ್ಳೆಯ ಕೈಯಲ್ಲಿ ಅವು ಹತ್ತರಲ್ಲಿ ಒಂಬತ್ತು ಹಲ್ಲುಗಳನ್ನು ಉಳಿಸಿವೆ. ಬಯೋಡೆಂಟಿನ್, ಪುಟ್ಟಿಗಳ ನಡುವಿನ ಪೈಪೋಟಿಯಲ್ಲಿ ರೋಗಿ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ರೋಗಿ ಕೇಳಬೇಕಾದ ಪ್ರಶ್ನೆಗಳು ಬೇರೆ. ಈ ಹಲ್ಲಿಗೆ ರೂಟ್ ಕೆನಾಲ್ ಮತ್ತೆ ಮಾಡಿದರೆ ಸಾಲದೇ? ಬೇರು ಸೀಳಿಲ್ಲವೆಂದು ನೋಡಿದಿರಾ? ತುದಿಯನ್ನು 3 ಮಿಲಿಮೀಟರ್ ಕತ್ತರಿಸಿ, ಅಲ್ಟ್ರಾಸೋನಿಕ್‌ನಿಂದ ಗುಳಿ ತೋಡಿ, ಹಿಗ್ಗಿಸಿ ನೋಡಿ ತುಂಬುತ್ತೀರಾ? ವರ್ಷದ ಮೇಲೆ ಎಕ್ಸ್‌ರೇಗೆ ಯಾವಾಗ ಬರಲಿ? ಈ ನಾಲ್ಕಕ್ಕೆ ನೇರ ಉತ್ತರ ಕೊಡುವ ವೈದ್ಯರು ಯಾವ ಒಳ್ಳೆಯ ಸಿಮೆಂಟು ಬಳಸಿದರೂ ನಂಬಬಹುದು.

ದಂತ ಕಾಲೇಜುಗಳಿಗೂ ಒಂದು ಮಾತು. ಬಣ್ಣದ ದ್ರಾವಣದಲ್ಲಿ ಮುಳುಗಿಸಿದ ಕಿತ್ತ ಹಲ್ಲುಗಳ ಪ್ರಬಂಧಗಳು ಇನ್ನು ಸಾಕು. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡದ ಕಾಲೇಜುಗಳು ಸೇರಿ ಬೇರಿನ ತುದಿಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಪ್ರತಿಯೊಬ್ಬರ ಹೆಸರು, ಹಲ್ಲು, ತುಂಬಿದ ಪದಾರ್ಥ ಬರೆದಿಟ್ಟು, ವರ್ಷ ತುಂಬಿದಾಗ ಫೋನ್ ಮಾಡಿ, ತಾಲೂಕು ಆಸ್ಪತ್ರೆಯಲ್ಲೇ ಎಕ್ಸ್‌ರೇ ತೆಗೆಸಿ ತರಿಸಿಕೊಳ್ಳುವ ವ್ಯವಸ್ಥೆ ಮಾಡಲಿ. ಆಗ ಕಾಕ್ರೇನ್ ಸಮೀಕ್ಷೆ ಸಾಲದೆಂದ ಸಾಕ್ಷ್ಯವನ್ನು ಕೃಷ್ಣಾ ತೀರದ ಜನರ ಹಲ್ಲುಗಳೇ ಒದಗಿಸಬಲ್ಲವು. ಸತ್ತಿಯ ರೈತನೊಬ್ಬ ‘ಇದು ಉಳೀತೈತೇನ್ರಿ’ ಎಂದು ಕೇಳಿದಾಗ ವೈದ್ಯರು ಹೊರದೇಶದ ಅಂಕಿ ಹುಡುಕದೆ, ನಮ್ಮದೇ ಜನರ ಲೆಕ್ಕ ತೋರಿಸಿ ಉತ್ತರಿಸಬಹುದು.